ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರ

ಮಳೆಗಾಲದ ಆರಂಭದಲ್ಲಿ ನಮ್ಮ ದೊಡ್ಡಪ್ಪನವರು ಜತ್ತ ತಾಲೂಕಿನ ಹಳ್ಳಿಯಿಂದ ಮಿರಜಕ್ಕೆ ತಪಾಸಣೆಗೆಂದು ಬಂದಿದ್ದರು. ನೂರು ಹೆಜ್ಜೆ ನಡೆದರೆ ಎರಡೂ ಕಾಲುಗಳು ಜೋಮು ಹಿಡಿಯುತ್ತಿದ್ದವು. ಕಟ್ಟೆಯ ಮೇಲೆ ಕುಳಿತೊಡನೆ ಹಗುರಾಗುತ್ತಿದ್ದವು. ಎಂ.ಆರ್.ಐ. ನೋಡಿದ ವೈದ್ಯರು, ಸೊಂಟದ ಬಳಿ ನರಗಳು ಇಳಿಯುವ ನಾಳ ಕಿರಿದಾಗಿದೆ, ಇದಕ್ಕೆ ಸ್ಪೈನಲ್ ಸ್ಟೆನೋಸಿಸ್ ಎನ್ನುವರು ಎಂದು ತಿಳಿಸಿದರು.

ಅದೇ ಸಂಜೆ ಅವರ ಚೀಲದಲ್ಲೊಂದು ಡಬ್ಬಿಯಿತ್ತು. ಮೂರು ತಿಂಗಳು ನುಂಗಿದರೆ ನಾಳ ತೆರೆದುಕೊಳ್ಳುವುದು, ಶಸ್ತ್ರಚಿಕಿತ್ಸೆ ಬೇಕಿಲ್ಲವೆಂದು ಮಾರಿದವನು ನಂಬಿಸಿದ್ದನು. ಬೆಲೆ ಆರು ಸಾವಿರ ರೂಪಾಯಿ, ರಸೀದಿ ಕೊಟ್ಟಿರಲಿಲ್ಲ. “ವಕೀಲಾ, ಇದರಾಗ ಏನ್ ಬರದಾರ ಓದಿ ಹೇಳಪಾ” ಎಂದು ದೊಡ್ಡಪ್ಪ ಡಬ್ಬಿಯನ್ನು ನನ್ನ ಕೈಗಿತ್ತರು.

ಅವರು ಕನ್ನಡವನ್ನು ಸರಾಗವಾಗಿ ಓದಬಲ್ಲವರು. ಆದರೆ ಆಹಾರ ಪೊಟ್ಟಣದ ಮೇಲಿನ ವಿವರ ಇಂಗ್ಲಿಷಿನಲ್ಲಾಗಲಿ ದೇವನಾಗರಿ ಲಿಪಿಯ ಹಿಂದಿಯಲ್ಲಾಗಲಿ ಇದ್ದರೆ ಕಾನೂನಿಗೆ ಸಾಕು. ಹೀಗಾಗಿ ಕನ್ನಡವೊಂದನ್ನೇ ಬಲ್ಲ ಹಿರಿಯರಿಗೆ ಮಾರುವವನ ಮಾತೇ ಶಾಸನವಾಗುತ್ತದೆ.

ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ‘ಹೆಲ್ತ್ ಸಪ್ಲಿಮೆಂಟ್’ ಎಂದೂ ‘ಔಷಧವಾಗಿ ಬಳಸತಕ್ಕದ್ದಲ್ಲ’ ಎಂದೂ ಇತ್ತು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ದೃಷ್ಟಿಯಲ್ಲಿ ಇಂಥ ಪೂರಕಗಳು ಆಹಾರವೇ ಹೊರತು ಔಷಧವಲ್ಲ. ರೋಗವನ್ನು ಗುಣಪಡಿಸುವುದಾಗಿ ಹೇಳಿಕೊಳ್ಳುವ ಅಧಿಕಾರ ಅವಕ್ಕಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿಯವರೆಗೆ ದಂಡವುಂಟು. ಔಷಧವೆಂದೇ ಮಾರಿದರೆ 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯ್ದೆ ಎದುರಾಗುತ್ತದೆ. ಗುಣಪಡಿಸುವೆವೆಂದು ಜಾಹೀರಾತು ನೀಡಬಾರದ ರೋಗಗಳ ಪಟ್ಟಿಯಲ್ಲಿ ನರಮಂಡಲದ ರೋಗಗಳೂ ಸೇರಿವೆ.

ಇನ್ನು ಒಳಗಿನ ಸರಕು. ವಯಸ್ಸಾದಂತೆ ಬೆನ್ನೆಲುಬಿನ ಕೀಲುಗಳು ದಪ್ಪಗಾಗಿ, ನಡುವಿನ ಡಿಸ್ಕ್ ಉಬ್ಬಿ, ಅಸ್ಥಿಬಂಧ ಮಂದವಾಗಿ ನಾಳ ಕಿರಿದಾಗುತ್ತದೆ. ಬೆಳೆದ ಎಲುಬನ್ನು ಕರಗಿಸುವ ಗುಳಿಗೆಯಿಲ್ಲ. ಇಂಥ ಡಬ್ಬಿಗಳಲ್ಲಿ ಸಾಮಾನ್ಯವಾಗಿರುವ ಗ್ಲುಕೋಸಮೈನನ್ನು ನಾರ್ವೆಯಲ್ಲಿ ಬೆನ್ನೆಲುಬು ಸವೆದು ಸೊಂಟನೋವಿನಿಂದ ನರಳುತ್ತಿದ್ದ 250 ಮಂದಿಯ ಮೇಲೆ ಆರು ತಿಂಗಳು ಪರೀಕ್ಷಿಸಿದರು. 2010ರಲ್ಲಿ ಪ್ರಕಟವಾದ ಫಲಿತಾಂಶ: ಹುಸಿ ಗುಳಿಗೆಗಿಂತ ಅದು ಮೇಲೆನಿಸಲಿಲ್ಲ.

ಅರಿಷಿಣದ ಸತ್ವವೂ ಡಬ್ಬಿಯಲ್ಲಿತ್ತು. ಅರಿಷಿಣದ ಪೇಟೆಯಾದ ಸಾಂಗಲಿಯ ನೆರೆಯಲ್ಲಿರುವ ನಮಗೆ ಅದರ ಮೇಲೆ ಅಭಿಮಾನ ಸಹಜ. 2018ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ದೊರೆತಿದೆ. ಆದರೆ ಸಾರಿಗೆ ಹಾಕುವ ಚಿಟಿಕೆ ಬೇರೆ, ಗುಳಿಗೆಯಲ್ಲಿ ಅಡಕವಾದ ಸತ್ವ ಬೇರೆ. ರಕ್ತ ತೆಳುವಾಗಿಸುವ ಔಷಧ ಸೇವಿಸುವವರಲ್ಲಿ ಅದು ರಕ್ತಸ್ರಾವದ ಅಪಾಯ ಹೆಚ್ಚಿಸಬಲ್ಲುದು. ದೊಡ್ಡಪ್ಪನವರು ಹೃದಯಕ್ಕಾಗಿ ನಿತ್ಯ ಆಸ್ಪಿರಿನ್ ನುಂಗುವವರು!

ಹಾಗೆಂದು ಎಲ್ಲ ಪೂರಕಗಳೂ ವ್ಯರ್ಥವಲ್ಲ. ವೈದ್ಯರು ರಕ್ತ ಪರೀಕ್ಷಿಸಿದಾಗ ದೊಡ್ಡಪ್ಪನವರಲ್ಲಿ ಬಿ12 ಜೀವಸತ್ವ ಕಡಿಮೆಯಿತ್ತು. ಸಸ್ಯಾಹಾರಿಗಳಲ್ಲಿಯೂ ಮಧುಮೇಹಕ್ಕೆ ಬಹುಕಾಲ ಮೆಟ್ಫಾರ್ಮಿನ್ ಸೇವಿಸಿದವರಲ್ಲಿಯೂ ಈ ಕೊರತೆ ಕಾಣುತ್ತದೆ. ಅದರಿಂದಲೂ ಪಾದ ಜೋಮುಗಟ್ಟುತ್ತದೆ. ಬಿ12 ಕೊಟ್ಟ ಮೇಲೆ ಅಂಗಾಲಿನ ಜೋಮು ತುಸು ಇಳಿಯಿತು. ನಡೆಯಬಲ್ಲ ದೂರ ಮಾತ್ರ ಹೆಚ್ಚಲಿಲ್ಲ. ಅದಕ್ಕೀಗ ವ್ಯಾಯಾಮ ನಡೆದಿದೆ. ಕೊರತೆಯನ್ನು ತುಂಬುವುದಷ್ಟೇ ಪೂರಕದ ಕೆಲಸ. ಕಾಲಿನ ಬಲ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿ ಮರಗಟ್ಟಿದರೆ ಗುಳಿಗೆಯನ್ನು ನಂಬಿ ಒಂದು ದಿನವೂ ಕಾಯಲಾಗದು. ಒಡನೆ ಆಸ್ಪತ್ರೆ ಸೇರಬೇಕು.

ಡಬ್ಬಿ ಮರಳಿಸಲು ಹೋದಾಗ ಮಾರಿದವನು, ತಾನು ಕೊಟ್ಟೇ ಇಲ್ಲವೆಂದನು. ರಸೀದಿಯಿಲ್ಲದೆ ವಕೀಲನಾದ ನಾನೂ ಬರಿಗೈಯಲ್ಲಿ ಬಂದೆ. ರಸೀದಿಯಿದ್ದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದಿತ್ತು. ಐದು ಲಕ್ಷದವರೆಗಿನ ಖರೀದಿಗೆ ಅಲ್ಲಿ ಶುಲ್ಕವಿಲ್ಲ. 1915 ಎಂಬ ಗ್ರಾಹಕ ಸಹಾಯವಾಣಿಗೂ ದೂರಬಹುದು.

ನಮ್ಮ ಮಕ್ಕಳು ಕನ್ನಡ ಶಾಲೆಯಲ್ಲಿ ಇಂಗ್ಲಿಷನ್ನೂ ಹಿಂದಿಯನ್ನೂ ಕಲಿಯುತ್ತಾರೆ. ಮನೆಯ ಅಜ್ಜ, ಅಜ್ಜಿ ನುಂಗುವ ಪೊಟ್ಟಣದ ಹಿಂಬದಿಯನ್ನು ಅವರು ಓದಿ, ಕನ್ನಡದಲ್ಲಿ ತಿಳಿಸಲಿ. ಹಣ ಕೊಡುವ ಮೊದಲೇ ಓದಿದರೆ ಇನ್ನೂ ಒಳ್ಳೆಯದು.