ಕುರ್ಚಿಯಲ್ಲಿ ಕೂತವನು ಯಾರು?

ಹಾಸ್ಟೆಲ್ ದಿನಗಳಲ್ಲಿ ರೂಮ್‌ಮೇಟ್ ಲ್ಯಾಪ್‌ಟಾಪಲ್ಲಿ, ಲೈಟ್ ಆರಿಸಿಕೊಂಡು, 1979ರ ‘ಏಲಿಯನ್’ ನೋಡಿದ್ದೆ. ಪಾಳುಬಿದ್ದ ನೌಕೆಯೊಳಗೆ ಯಾವುದೋ ದೈತ್ಯ ಜೀವಿ ಕುರ್ಚಿಯಲ್ಲಿ ಕೂತಲ್ಲೇ ಕಲ್ಲಾಗಿದೆ. ಎದೆಯ ಎಲುಬು ಒಳಗಿನಿಂದ ಹೊರಕ್ಕೆ ಒಡೆದಿದೆ. ಅದು ಯಾರು, ಎಲ್ಲಿಂದ ಬಂತು? ಚಿತ್ರ ಒಂದಕ್ಷರ ಹೇಳಲ್ಲ. ಅವತ್ತು ರಾತ್ರಿ ಬಾತ್‌ರೂಮಿಗೆ ಹೋಗೋಕೂ ನನಗೆ ಜೊತೆ ಬೇಕಾಗಿತ್ತು!

33 ವರ್ಷಗಳ ನಂತರ ಅದೇ ನಿರ್ದೇಶಕ ರಿಡ್ಲಿ ಸ್ಕಾಟ್ ಅದರ ಹಿಂದಿನ ಕಥೆ ಹೇಳಲು ‘ಪ್ರೊಮಿಥಿಯಸ್’ (2012) ಮಾಡಿದರು. ಕಳೆದ ಭಾನುವಾರ ತಮ್ಮನ ಜೊತೆ ಅದನ್ನು ಇನ್ನೊಮ್ಮೆ ನೋಡಿದೆ.

ಕಣ್ಣಿಗಂತೂ ಹಬ್ಬ. ಐಸ್‌ಲ್ಯಾಂಡಿನ ಡೆಟ್ಟಿಫಾಸ್ ಜಲಪಾತದ ಆರಂಭದ ದೃಶ್ಯವನ್ನು ಫೋನಲ್ಲಿ ನೋಡಬೇಡಿ, ಪ್ಲೀಸ್. ಶಾ ಪಾತ್ರದ ನೂಮಿ ರಪಾಸ್ ಯಂತ್ರದೊಳಗೆ ಮಲಗಿ ತನ್ನ ಹೊಟ್ಟೆಯ ಆಪರೇಷನ್ ತಾನೇ ಮಾಡಿಸಿಕೊಳ್ಳುವಾಗ ತಮ್ಮ ಮುಖಕ್ಕೆ ದಿಂಬು ಅಡ್ಡ ಹಿಡಿದ. ಆ ಯಂತ್ರ ಗಂಡಸರಿಗೆ ಮಾತ್ರ ಸೆಟ್ ಆಗಿರುವುದು! ಆಫೀಸಿನ ಎಷ್ಟೋ ಸಂಗತಿ ನೆನಪಾಯ್ತು, ಬಿಡಿ.

ಆದರೆ ಚಿತ್ರದ ಜೀವ ಮೈಕಲ್ ಫಾಸ್‌ಬೆಂಡರ್‌ನ ಡೇವಿಡ್. ಉಳಿದವರೆಲ್ಲ ಎರಡು ವರ್ಷ ಮಲಗಿದ್ದಾಗ ಈ ರೋಬೋ ಒಬ್ಬನೇ ಭಾಷೆ ಕಲೀತಾನೆ, ‘ಲಾರೆನ್ಸ್ ಆಫ್ ಅರೇಬಿಯಾ’ ನೋಡ್ತಾನೆ, ಪೀಟರ್ ಒಟೂಲ್ ಥರಾನೇ ತಲೆ ಬಾಚ್ಕೋತಾನೆ. ಮಾಡೋಕಾಯ್ತು, ಅದಕ್ಕೇ ನಿನ್ನನ್ನು ಮಾಡಿದ್ವಿ ಅನ್ನುತ್ತಾನೆ ಒಬ್ಬ ವಿಜ್ಞಾನಿ. ನಿಮ್ಮನ್ನು ಸೃಷ್ಟಿಸಿದವರೂ ಹೀಗೇ ಅಂದರೆ ನಿಮಗೆ ಹೇಗನಿಸುತ್ತೆ ಎಂದು ಡೇವಿಡ್ ತಣ್ಣಗೆ ಕೇಳುತ್ತಾನೆ. ಇಡೀ ಚಿತ್ರ ಇಷ್ಟೇ ಚುರುಕಾಗಿದ್ದಿದ್ದರೆ!

ವಿಜ್ಞಾನಿಗಳ ದಡ್ಡತನವೋ, ದೇವರಿಗೇ ಪ್ರೀತಿ. ಗೊತ್ತಿಲ್ಲದ ಜಾಗದಲ್ಲಿ ಹೆಲ್ಮೆಟ್ ತೆಗೀತಾರೆ. ನಕ್ಷೆ ಮಾಡಲು ಬಂದವನೇ ದಾರಿ ತಪ್ಪುತ್ತಾನೆ. ಜೀವಶಾಸ್ತ್ರಜ್ಞ ಹಾವಿನಂಥದ್ದನ್ನು ಬೆಕ್ಕಿನ ಮರಿ ಥರ ಮುದ್ದು ಮಾಡಲು ಹೋಗ್ತಾನೆ. ಉರುಳಿಬರುವ ನೌಕೆಯಿಂದ ತಪ್ಪಿಸಿಕೊಳ್ಳಲು ಪಕ್ಕಕ್ಕೆ ಸರಿಯದೆ ನೇರ ಓಡುವ ವಿಕರ್ಸ್ ಬಗ್ಗೆ ಮಾತೇ ಬೇಡ.

ಅದನ್ನೆಲ್ಲ ಕ್ಷಮಿಸಿಬಿಡ್ತಿದ್ದೆ. ಕುರ್ಚಿಯ ದೈತ್ಯನ ವಿಷಯದಲ್ಲಿ ಮಾತ್ರ ಆಗಲ್ಲ. ಆ ಸೊಂಡಿಲಿನ ಮುಖ ಬರೀ ಮುಖವಾಡವಂತೆ, ಒಳಗಿರುವವನು ಬಿಳಿಚಿಕೊಂಡ ಎತ್ತರದ ಮನುಷ್ಯನಂತೆ! ಇವರು ನಮ್ಮನ್ನು ಯಾಕೆ ನಾಶ ಮಾಡಲು ಹೊರಟಿದ್ದರು ಅನ್ನೋದನ್ನು ಮಾತ್ರ ಚಿತ್ರ ಹೇಳಲ್ಲ. ಕೇಳಿದ್ದಕ್ಕೆ ಉತ್ತರವಿಲ್ಲ, ಕೇಳದೇ ಇದ್ದದ್ದಕ್ಕೆ ಇದೆ.

“ಇದು ಎಲ್‌ವಿ-223, ಏಲಿಯನ್‌ದು ಎಲ್‌ವಿ-426. ಆ ಕುರ್ಚಿ ಬೇರೆ, ಈ ಕುರ್ಚಿ ಬೇರೆ” ಎಂದು ತಮ್ಮ ವಾದಿಸಿದ. ಅದೂ ನಿಜವೇ. ಹಾಗಾದರೆ ನೋಡಿಯೇಬಿಡೋಣ ಅಂತ ಅದೇ ರಾತ್ರಿ ‘ಏಲಿಯನ್’ ಹಾಕಿದೆ. ಲೈಟನ್ನೂ ಆರಿಸಿದೆ. ಆ ದೃಶ್ಯ ಬಂತು. ನಾನು ಉಸಿರು ಬಿಗಿಹಿಡಿದು ಕಾಯುತ್ತಿದ್ದೆ.

“ಅದು ಸೂಟ್ ಅಲ್ವೇನೇ ಅಕ್ಕಾ?” ಅಂದ, ಚಿಪ್ಸ್ ಅಗಿಯುತ್ತಾ.

ಹೌದು ಅಂದೆ.