ಹೊರಗಿನಿಂದ ಕಾಣದ ಸವೆತ



ಮಕ್ಕಳು ಪರದೇಶದಲ್ಲಿ ನೆಲೆಸಿರುವುದು ನಮ್ಮ ಮನೆಗಳಲ್ಲಿ ಈಗ ಅಪರೂಪವಲ್ಲ. ತಂದೆ ತಾಯಿಗಳು ಅಲ್ಲಿಗೆ ಹೋಗಿ ಕೆಲವು ತಿಂಗಳು ಇದ್ದು ಬರುವುದೂ ವಾಡಿಕೆಯಾಗಿದೆ. 2023ರ ಬೇಸಿಗೆಯಲ್ಲಿ ನಾವು ದಂಪತಿಗಳು ಅಮೆರಿಕೆಯಲ್ಲಿರುವ ಮಗನ ಮನೆಯಲ್ಲಿದ್ದೆವು. ಅಲ್ಲಿ ಒಂದು ಶನಿವಾರ ನಡೆದ ಸಂಗತಿಯನ್ನು ಈ ತಿಂಗಳು ತಮ್ಮೊಡನೆ ಹಂಚಿಕೊಳ್ಳಬೇಕೆನಿಸಿದೆ. ವಿಷಯವು ವಾಹನದ್ದಾದರೂ ಮನೆಮಂದಿಯ ಜೀವಕ್ಕೆ ಸಂಬಂಧಿಸಿದ್ದು.

ಮಗನು 1995ನೆಯ ಇಸವಿಯ ಮಾಜ್ದಾ ಮಿಯಾಟಾ ಎಂಬ ಹಳೆಯ ಕಾರನ್ನು ಅಕ್ಕರೆಯಿಂದ ಕೊಂಡಿದ್ದನು. ಇಬ್ಬರಷ್ಟೇ ಕೂಡಬಹುದಾದ, ಮೇಲಿನ ಹೊದಿಕೆಯನ್ನು ಮಡಚಿಡಬಹುದಾದ ಪುಟ್ಟ ಸ್ಪೋರ್ಟ್ಸ್ ಕಾರು ಅದು. ಜಪಾನಿನಲ್ಲಿ ತಯಾರಾಗುವ ಈ ಕಾರು 1989ರ ಫೆಬ್ರವರಿಯಲ್ಲಿ ಷಿಕಾಗೋ ನಗರದ ವಾಹನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. 2016ರಲ್ಲಿ ಇದರ ಹತ್ತು ಲಕ್ಷದ ಗಾಡಿ ಕಾರ್ಖಾನೆಯಿಂದ ಹೊರಬಂದಿತು. ಇಷ್ಟು ಜನ ಮೆಚ್ಚಿದ ಕಾರಾದುದರಿಂದ ಅದರ ಬಿಡಿಭಾಗಗಳು ಇಂದಿಗೂ ದೊರೆಯುತ್ತವೆ.

ನಾಲ್ಕು ಚಕ್ರಗಳಿಗೂ ಡಿಸ್ಕ್ ಬ್ರೇಕು. ಚಕ್ರದೊಡನೆ ತಿರುಗುವ ಎರಕದ ಕಬ್ಬಿಣದ ಬಿಲ್ಲೆಯೇ ಡಿಸ್ಕ್. ಅಲ್ಲಿಯವರು ಅದನ್ನು ರೋಟರ್ ಎನ್ನುತ್ತಾರೆ. ಅದರ ಎರಡೂ ಬದಿಗೆ ಒಂದೊಂದು ಪ್ಯಾಡ್ ಇರುತ್ತದೆ. ಪೆಡಲನ್ನು ತುಳಿದಾಗ ಕ್ಯಾಲಿಪರ್ ಎಂಬ ಹಿಡಿಕೆಯು ಈ ಪ್ಯಾಡುಗಳಿಂದ ಬಿಲ್ಲೆಯನ್ನು ಅದುಮಿ ಹಿಡಿಯುತ್ತದೆ.

ಬ್ರೇಕ್ ಹಾಕಿದಾಗ ಮುಂದಿನ ಚಕ್ರದಿಂದ ಕರಕರ ಸದ್ದು ಬರುತ್ತಿತ್ತು. ಕೇಳಿದೆ. "ಚಕ್ರದ ಸಂದಿಯಿಂದ ಇಣುಕಿ ನೋಡಿದ್ದೇನೆ ಅಪ್ಪಾಜಿ, ಪ್ಯಾಡ್ ಇನ್ನೂ ಅರ್ಧ ಉಳಿದಿದೆ. ಒಂದು ವರ್ಷಕ್ಕೆ ಯೋಚನೆಯಿಲ್ಲ" ಎಂದನು. ಮೂವತ್ತು ವರ್ಷ ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ದುಡಿದ ನನ್ನ ಕಿವಿ ಒಪ್ಪಲಿಲ್ಲ. ಮರುದಿನ ಅವನೂ ಸೊಸೆಯೂ ಅದೇ ಕಾರಿನಲ್ಲಿ ಬೆಟ್ಟದ ದಾರಿಗೆ ಹೊರಡುವವರಿದ್ದರು. "ಚಕ್ರ ಬಿಚ್ಚಿ ನೋಡಿದ ಮೇಲೆ ಹೋಗು ಮಗು" ಎಂದೆ.

ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಅಡ್ಡೆ ಕೊಟ್ಟು, ಜಾಕಿನಿಂದ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿದೆವು. ಬರಿಯ ಜಾಕನ್ನು ನಂಬಿ ಗಾಡಿಯ ಕೆಳಗೆ ಎಂದೂ ಕೈಯಿಡಬಾರದು. ಕ್ಯಾಲಿಪರನ್ನು ಸರಿಸಿದಾಗ ಮಗನ ಮುಖ ಬಿಳುಪೇರಿತು. ಹೊರಗಿನ ಪ್ಯಾಡ್ ಅವನು ಹೇಳಿದಂತೆಯೇ ಅರ್ಧವಿತ್ತು. ಒಳಗಿನದು ಪೂರ್ತಿ ಸವೆದು, ಹಿಂಬದಿಯ ಕಬ್ಬಿಣದ ಹಲಗೆಯೇ ಬಿಲ್ಲೆಯನ್ನು ಉಜ್ಜುತ್ತಿತ್ತು. ಕ್ಯಾಲಿಪರ್ ಅತ್ತಿತ್ತ ಸರಿಯಲೆಂದು ಎರಡು ಪಿನ್ನುಗಳಿರುತ್ತವೆ. ಗ್ರೀಸ್ ಒಣಗಿ ಅವು ತುಕ್ಕು ಹಿಡಿದಿದ್ದವು. ಕ್ಯಾಲಿಪರ್ ಸರಿಯದಿದ್ದರೆ ಭಾರವೆಲ್ಲ ಪಿಸ್ಟನ್ ಇರುವ ಒಳಬದಿಯ ಪ್ಯಾಡಿನ ಮೇಲೆಯೇ ಬೀಳುತ್ತದೆ.

ಡಿಸ್ಕನ್ನೂ ಅಳೆದೆವು. ಈ ಮಾದರಿಯ ಮುಂದಿನ ಡಿಸ್ಕ್ ಹೊಸತಿದ್ದಾಗ 20 ಮಿಲಿಮೀಟರ್ ದಪ್ಪ. 18ಕ್ಕೆ ಇಳಿದರೆ ತೆಗೆಯಲೇಬೇಕು. ಇದು ಅದಕ್ಕೂ ಕೆಳಗಿಳಿದು ಗೀರುಗೀರಾಗಿತ್ತು. ತೆಳುವಾದ ಬಿಲ್ಲೆಯು ಕಾವನ್ನು ತಾಳಲಾರದು. ಪ್ಯಾಡನ್ನಾಗಲಿ ಡಿಸ್ಕನ್ನಾಗಲಿ ಬದಲಿಸುವಾಗ ಎಡಬಲ ಎರಡಕ್ಕೂ ಒಟ್ಟಿಗೆ ಬದಲಿಸಬೇಕು. ಇಲ್ಲವಾದರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಬೆಟ್ಟದ ಪ್ರಯಾಣ ನಿಂತಿತು. ಅಂಗಡಿಯಿಂದ ಸಾಮಾನು ತಂದೆವು. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಂತೆ ಬಳಿದಿದ್ದ ಎಣ್ಣೆಯನ್ನು ತೊಳೆದು ತೆಗೆದೆವು. ಪಿನ್ನುಗಳನ್ನು ಉಜ್ಜಿ, ಬ್ರೇಕಿಗೆಂದೇ ಇರುವ ಗ್ರೀಸ್ ಹಚ್ಚಿದೆವು. ಹಳೆಯ ಪ್ಯಾಡಿನ ಧೂಳನ್ನು ಬಾಯಿಂದ ಊದಕೂಡದು. ಅದು ಶ್ವಾಸಕ್ಕೆ ಕೇಡು. ಒದ್ದೆ ಬಟ್ಟೆಯಿಂದ ಒರೆಸಬೇಕು.

ಹಿಂದಿನ ಚಕ್ರಗಳ ಸರದಿ ಬಂದಿತು. ಮುಂದಿನ ಚಕ್ರಗಳಿಗೆ ಅಡ್ಡೆಯಿಟ್ಟು, ಹ್ಯಾಂಡ್‌ಬ್ರೇಕನ್ನು ಇಳಿಸಿದೆವು. ಮುಂದಿನ ಪಿಸ್ಟನ್ನುಗಳನ್ನು ಕ್ಲ್ಯಾಂಪಿನಿಂದ ಒತ್ತಿ ಒಳಗೆ ಕಳಿಸಿದಂತೆ ಇದನ್ನೂ ಒತ್ತಲು ಹೊರಟೆ. "ತಾಳಿ ಅಪ್ಪಾಜಿ" ಎಂದು ಮಗನು ಕೈಹಿಡಿದು, ಗಾಡಿಯ ಕೈಪಿಡಿಯನ್ನು ತೆರೆದು ತೋರಿಸಿದನು. ಈ ಕಾರಿನಲ್ಲಿ ಹ್ಯಾಂಡ್‌ಬ್ರೇಕಿನ ಯಂತ್ರವು ಹಿಂದಿನ ಕ್ಯಾಲಿಪರಿನೊಳಗೇ ಇದೆ. ಬಲವಂತದಿಂದ ಒತ್ತಿದರೆ ಅದು ಮುರಿಯುತ್ತದೆ. ಹಿಂಬದಿಯ ಮುಚ್ಚಳದ ಬೋಲ್ಟನ್ನು ತೆಗೆದು, ಒಳಗಿನ ತಿರುಪನ್ನು 4 ಮಿಲಿಮೀಟರಿನ ಅಲನ್ ಕೀಯಿಂದ ಎಡಕ್ಕೆ ತಿರುಗಿಸಿದರೆ ಪಿಸ್ಟನ್ ತಾನಾಗಿ ಹಿಂದೆ ಸರಿಯುತ್ತದೆ. ಹೊಸ ಪ್ಯಾಡ್ ಕೂರಿಸಿದ ಮೇಲೆ ಡಿಸ್ಕ್ ಬಿಗಿಯುವವರೆಗೆ ಬಲಕ್ಕೆ ತಿರುಗಿಸಿ, ಮೂರನೆಯ ಒಂದು ಸುತ್ತು ಸಡಿಲಿಸಬೇಕು. ಬಸ್ಸಿನ ಡ್ರಮ್ ಬ್ರೇಕುಗಳಲ್ಲಿ ತಲೆ ನರೆಸಿದ ನನಗೆ ಇದು ತಿಳಿದಿರಲಿಲ್ಲ. ಮುಂದಿನ ಚಕ್ರದಲ್ಲಿ ಅವನು ನನ್ನ ಮಾತು ಕೇಳಿದ್ದನು. ಹಿಂದಿನದರಲ್ಲಿ ನಾನು ಅವನ ಮಾತು ಕೇಳಿದೆ.

ಕೊನೆಯದೊಂದು ಎಚ್ಚರಿಕೆ. ಪಿಸ್ಟನ್ನುಗಳು ಹಿಂದೆ ಸರಿದಿರುವುದರಿಂದ ಮೊದಲ ಸಲ ತುಳಿದಾಗ ಪೆಡಲ್ ನೆಲಮುಟ್ಟುತ್ತದೆ. ಗಾಡಿಯನ್ನು ಕದಲಿಸುವ ಮುನ್ನ ಪೆಡಲ್ ಗಟ್ಟಿಯಾಗುವವರೆಗೆ ಮೆಲ್ಲನೆ ಹಲವು ಸಲ ತುಳಿಯಬೇಕು. ಬ್ರೇಕ್ ಆಯಿಲಿನ ಮಟ್ಟವನ್ನು ನೋಡಬೇಕು. ಇದನ್ನು ಮರೆತವರ ಗಾಡಿ ಎದುರಿನ ಗೋಡೆಗೆ ಹೋಗಿ ನಿಲ್ಲುತ್ತದೆ. ಮೊದಲ ಕೆಲವು ಮೈಲಿ ಜನವಿಲ್ಲದ ರಸ್ತೆಯಲ್ಲಿ ಹದವಾಗಿ ಬ್ರೇಕ್ ಹಾಕುತ್ತ, ನಡುನಡುವೆ ಆರಲು ಬಿಡುತ್ತ ಪ್ಯಾಡನ್ನು ಡಿಸ್ಕಿಗೆ ಒಗ್ಗಿಸಬೇಕು.

ಮುಂದಿನ ವಾರ ಅವರಿಬ್ಬರೂ ಬೆಟ್ಟಕ್ಕೆ ಹೋದರು. ಸಂಜೆ ಬಾಗಿಲಲ್ಲಿ ಕಾರು ಸದ್ದಿಲ್ಲದೆ ಬಂದು ನಿಂತಾಗ, ಬೆಳಗಿನಿಂದ ಕಿಟಕಿಯ ಬಳಿಯೇ ಕುಳಿತಿದ್ದ ನನ್ನ ಮನೆಯವರು ಎದ್ದು ಒಲೆ ಹಚ್ಚಿದರು.

ತಮ್ಮ ಮನೆಯ ಕಾರಿಗೂ ಮುಂದಿನ ಚಕ್ರಗಳಲ್ಲಿ ಇಂಥದೇ ಡಿಸ್ಕ್ ಬ್ರೇಕ್ ಇರುತ್ತದೆ. ಸರ್ವಿಸಿಗೆ ಬಿಟ್ಟಾಗ ಚಕ್ರ ಬಿಚ್ಚಿಸಿ, ಒಳಗಿನ ಪ್ಯಾಡನ್ನು ತಾವೇ ಕಣ್ಣಾರೆ ನೋಡಿ. ಹೊರಗಿನದು ಚೆನ್ನಾಗಿದೆಯೆಂಬ ಸಮಾಧಾನದಿಂದ ಹಿಂದಿರುಗಬೇಡಿ.