ನೀರಷ್ಟೇ ಅಲ್ಲ, ಹೂಳೂ

ದಿಲ್ಲಿಯ ಯಮುನೆ, ಹೈದರಾಬಾದಿನ ಮೂಸಿ, ಮುಂಬಯಿಯ ಮೀಠಿ ನದಿಗಳ ಶುದ್ಧೀಕರಣದ ಮಾತು ಬಂದಾಗಲೆಲ್ಲ ನೀರಿನ ಬಣ್ಣ, ವಾಸನೆಗಳೇ ಚರ್ಚೆಯಾಗುತ್ತವೆ. ಆದರೆ ಸೀಸ, ಕ್ಯಾಡ್ಮಿಯಂ, ಪಾದರಸಗಳು ಕೊಳೆತು ನಾಶವಾಗುವಂಥವಲ್ಲ. ತಳದ ಹೂಳಿಗೆ ಅಂಟಿ ಉಳಿಯುತ್ತವೆ. ಅಲ್ಲಿನ ಸೂಕ್ಷ್ಮಾಣುಗಳಿಂದ ಪಾದರಸವು ಮೀಥೈಲ್ ಪಾದರಸವಾಗಿ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಏರುತ್ತ ಸಾಂದ್ರವಾಗುತ್ತದೆ.

ಜಪಾನಿನ ಮಿನಮಾಟ ಕೊಲ್ಲಿಗೆ ಕಾರ್ಖಾನೆಯ ಪಾದರಸ ಸೇರುವುದು 1968ರಲ್ಲೇ ನಿಂತಿತು. ಆದರೂ ಅಲ್ಲಿ ಹೂಳೆತ್ತುವ ಕೆಲಸ ಮುಗಿದದ್ದು 1990ರಲ್ಲಿ. ಕಲುಷಿತ ಮೀನು ಹೊರಹೋಗದಂತೆ ಕಟ್ಟಿದ್ದ ಬಲೆಯನ್ನು ತೆಗೆದದ್ದು 1997ರಲ್ಲಿ.

ಈ ಪಾಠ ನಮ್ಮ ನದಿಗಳಿಗೂ ಅನ್ವಯಿಸುತ್ತದೆ. ನೀರಿನೊಂದಿಗೆ ಹೂಳು, ಮೀನುಗಳ ಪರೀಕ್ಷಾ ವರದಿಯೂ ನಿಯತವಾಗಿ ಪ್ರಕಟವಾಗಬೇಕು. ಎತ್ತಿದ ಹೂಳನ್ನು ಪರೀಕ್ಷಿಸದೆ ಎಲ್ಲೆಂದರಲ್ಲಿ ಸುರಿಯಬಾರದು. ನೀರು ತಿಳಿಯಾದ ಮಾತ್ರಕ್ಕೆ ನದಿ ಶುದ್ಧವಾಯಿತೆಂದು ಸಾರುವುದು, ಆ ಮೀನನ್ನೇ ಹಿಡಿದು ಉಣ್ಣುವವರಿಗೆ ಬಗೆಯುವ ದ್ರೋಹ.